ಒದ್ದೆ ಬಟ್ಟೆಯ ಉಷ್ಣತಾಮಾಪಕ ಹೇಳುವ ಲೆಕ್ಕ

ಮೇ ತಿಂಗಳ ಮಧ್ಯಾಹ್ನ ನಮ್ಮ ಅಕ್ಕಲಕೋಟೆಯಲ್ಲಿ ಉಷ್ಣತಾಮಾಪಕವು 40 ಡಿಗ್ರಿ ತೋರಿಸುವುದು ಹೊಸ ಸಂಗತಿಯೇನಲ್ಲ. ಅದೇ ಹೊತ್ತಿಗೆ, ನಮ್ಮ ಹಾಗೆಯೇ ಗಡಿಯಾಚೆ ಕನ್ನಡ ಶಾಲೆಗಳಿರುವ, ಆದರೆ ಸಮುದ್ರದ ದಂಡೆಯಲ್ಲಿರುವ ಕಾಸರಗೋಡಿನಲ್ಲಿ ಅದು 33 ಡಿಗ್ರಿ ತೋರಿಸುತ್ತಿರಬಹುದು. ಈ ಎರಡು ಊರುಗಳ ಒಂದೊಂದು ಕಿಲೋಗ್ರಾಂ ಗಾಳಿಯನ್ನು ತೆಗೆದುಕೊಂಡರೆ ಯಾವುದರಲ್ಲಿ ಹೆಚ್ಚು ಶಾಖ ಅಡಗಿದೆ? ನಮ್ಮೂರಿನ ಗಾಳಿಯಲ್ಲಿಯೇ ಎಂದು ಥಟ್ಟನೆ ಹೇಳಬೇಕೆನಿಸುತ್ತದೆ. ಲೆಕ್ಕ ಮಾಡಿದರೆ ಉತ್ತರ ತಿರುಗುಮುರುಗಾಗುತ್ತದೆ. ಆ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ಮಾಡಿ ನೋಡೋಣ. ಒಂಬತ್ತು, ಹತ್ತನೆಯ ತರಗತಿಯವರಿಗೆ ಇದು ಕಠಿಣವಲ್ಲ. ಗುಣಾಕಾರ ಭಾಗಾಕಾರ ಬಂದರೆ ಸಾಕು. ಪಾಲಕರೂ ಓದಬೇಕೆಂದು ನಮ್ಮ ಅಪೇಕ್ಷೆ. ಏಕೆಂದರೆ ಮನೆಗೆ ಏರ್ ಕೂಲರ್ ತರುವುದು, ಅದನ್ನು ಇಟ್ಟ ಕೋಣೆಯ ಕಿಟಕಿ ಮುಚ್ಚುವುದು ಬಿಡುವುದು, ಅದಕ್ಕೆ ದಿನಕ್ಕೆ ಎಷ್ಟು ಕೊಡ ನೀರು ಸುರಿಯಬೇಕೆಂಬುದು, ಇವೆಲ್ಲ ಇದೇ ಲೆಕ್ಕದಲ್ಲಿ ಬರುತ್ತವೆ.

ಗಾಳಿ ಎಂದರೆ ಕೇವಲ ಸಾರಜನಕ, ಆಮ್ಲಜನಕಗಳ ಮಿಶ್ರಣವಲ್ಲ. ಅದರಲ್ಲಿ ಕಣ್ಣಿಗೆ ಕಾಣದ ನೀರಾವಿ ಸದಾ ಇದ್ದೇ ಇರುತ್ತದೆ. ಈ ಆವಿಯೂ ತನ್ನ ಪಾಲಿನ ಒತ್ತಡ ಹಾಕುತ್ತದೆ. ಅದಕ್ಕೆ ಆವಿಯ ಒತ್ತಡ ಎನ್ನುತ್ತೇವೆ. ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಈ ಒತ್ತಡ ಒಂದು ಮಿತಿಯವರೆಗೆ ಮಾತ್ರ ಏರಬಲ್ಲದು. ಆ ಮಿತಿ ಮುಟ್ಟಿದ ಗಾಳಿ ಸಂತೃಪ್ತ ಗಾಳಿ. ಮಿತಿಯ ಅಂಕಿಗಳು ಹೀಗಿವೆ: 13 ಡಿಗ್ರಿಯಲ್ಲಿ 15.0 ಮಿಲಿಬಾರ್, 15ರಲ್ಲಿ 17.0, 22ರಲ್ಲಿ 26.4, 26ರಲ್ಲಿ 33.6, 28ರಲ್ಲಿ 37.8, 30ರಲ್ಲಿ 42.4, 33ರಲ್ಲಿ 50.3, 40ರಲ್ಲಿ 73.8 ಮಿಲಿಬಾರ್. ಉಷ್ಣತೆ ಏರಿದಂತೆ ಮಿತಿ ಎಷ್ಟು ಬೇಗ ಏರುತ್ತದೆ ನೋಡಿ. ಈ ಅಂಕಿಗಳನ್ನು ವಹಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತವೆ. ಗಾಳಿಯಲ್ಲಿ ಈಗ ಇರುವ ಆವಿಯ ಒತ್ತಡವು ಈ ಮಿತಿಯ ಶೇಕಡಾ ಎಷ್ಟು ಎಂಬುದೇ ಸಾಪೇಕ್ಷ ಆರ್ದ್ರತೆ. ಹವಾಮಾನ ವಾರ್ತೆಯಲ್ಲಿ ಕೇಳುವ ಶೇಕಡಾ ಅಂಕಿ ಇದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಕಂಡುಬರುತ್ತದೆ. ಬಿಸಿ ಮಾಡಿದರೆ ಗಾಳಿಯೊಳಗಿನ ನೀರು ಆರಿಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಜನವರಿಯ ಒಂದು ಬೆಳಿಗ್ಗೆ ಗಾಳಿ 15 ಡಿಗ್ರಿ, ಆರ್ದ್ರತೆ ಶೇಕಡಾ 90 ಎಂದು ಇಟ್ಟುಕೊಳ್ಳಿ. ಆವಿಯ ಒತ್ತಡ 17.0ರ ಶೇಕಡಾ 90, ಅಂದರೆ 15.3 ಮಿಲಿಬಾರ್. ಮಧ್ಯಾಹ್ನ ಅದೇ ಗಾಳಿ 30 ಡಿಗ್ರಿಗೆ ಕಾಯುತ್ತದೆ. ಒಂದು ಹನಿಯೂ ಕಳೆದಿಲ್ಲ, ಒತ್ತಡ ಅದೇ 15.3. ಆದರೆ ಮಿತಿ ಈಗ 42.4ಕ್ಕೆ ಏರಿದೆ. ಆದ್ದರಿಂದ ಆರ್ದ್ರತೆ ಶೇಕಡಾ 36ಕ್ಕೆ ಬಿತ್ತು. ಚಳಿಗಾಲದಲ್ಲಿ ತುಟಿ ಒಡೆಯುವುದಕ್ಕೂ, ಚಳಿ ದೇಶಗಳಲ್ಲಿ ಕೋಣೆ ಕಾಯಿಸುವವರು ಬಿಸಿಗಾಳಿಗೆ ಒಂದಿಷ್ಟು ನೀರಾವಿಯನ್ನೂ ಬೆರೆಸುವುದಕ್ಕೂ ಇದೇ ಕಾರಣ.

ಆವಿಯ ಒತ್ತಡ ಅಳೆಯುವುದು ಹೇಗೆ? ಅದಕ್ಕೆ ದುಬಾರಿ ಯಂತ್ರ ಬೇಡ. ಪ್ರಯೋಗಶಾಲೆಯ ಒಂದೇ ಬಗೆಯ ಎರಡು ಉಷ್ಣತಾಮಾಪಕಗಳು ಸಾಕು. (ಜ್ವರ ನೋಡುವ ಕಡ್ಡಿ ನಡೆಯುವುದಿಲ್ಲ, ಅದರ ಅಂಕಿಗಳು 35ರ ಸುಮಾರಿಗೆ ಆರಂಭವಾಗುತ್ತವೆ.) ಒಂದನ್ನು ಹಾಗೆಯೇ ಬಿಡಿ. ಇನ್ನೊಂದರ ಬುರುಡೆಗೆ ಹಳೆಯ, ಚೆನ್ನಾಗಿ ತೊಳೆದ ತೆಳು ಮಲ್‌ಮಲ್ ಬಟ್ಟೆ ಸುತ್ತಿ, ಅದರ ತುದಿಯನ್ನು ಸಣ್ಣ ನೀರಿನ ಸೀಸೆಯಲ್ಲಿ ಇಳಿಬಿಡಿ. ಹೊಸ ಬಟ್ಟೆಯ ಗಂಜಿ ಹೋಗಿರದಿದ್ದರೆ ಅದು ನೀರನ್ನು ಮೇಲಕ್ಕೆ ಎಳೆಯುವುದಿಲ್ಲ. ಕೊಳವೆ ಬಾವಿಯ ಗಡಸು ನೀರೂ ಬೇಡ, ಬಟ್ಟೆಯ ಮೇಲೆ ಸುಣ್ಣ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಎರಡಕ್ಕೂ ನೆರಳಿನಲ್ಲಿ ಐದು ನಿಮಿಷ ಚೆನ್ನಾಗಿ ಗಾಳಿ ಬೀಸಿ. ಒದ್ದೆ ಬಟ್ಟೆಯ ನೀರು ಆವಿಯಾಗುವಾಗ ಬುರುಡೆಯಿಂದ ಶಾಖ ಹೀರುತ್ತದೆ, ಅಂಕಿ ಇಳಿಯುತ್ತದೆ. ಹರವಿಯ ನೀರು ತಣ್ಣಗಾಗುವುದೂ ಹೀಗೆಯೇ. ಗಾಳಿ ಒಣಗಿದ್ದಷ್ಟೂ ಎರಡು ಅಂಕಿಗಳ ಅಂತರ ದೊಡ್ಡದು.

ಈಗ ಅಕ್ಕಲಕೋಟೆಯ ಲೆಕ್ಕ. ಒಣ ಬುರುಡೆ 40, ಒದ್ದೆ ಬುರುಡೆ 22 ಎಂದು ಹಿಡಿಯೋಣ. ಅಂತರ 18. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಮೇಲಿರುವುದರಿಂದ ಇಲ್ಲಿಯ ವಾಯುಭಾರ ಸುಮಾರು 957 ಮಿಲಿಬಾರ್. ಗಾಳಿ ಬೀಸಿ ಓದಿದ ಉಷ್ಣತಾಮಾಪಕಕ್ಕೆ ಸೂತ್ರ ಹೀಗಿದೆ: ವಾಯುಭಾರವನ್ನು 0.00066ರಿಂದ ಗುಣಿಸಿ, ಬಂದುದನ್ನು ಅಂತರದಿಂದ ಗುಣಿಸಿ, ಒದ್ದೆ ಬುರುಡೆಯ ಉಷ್ಣತೆಯ ಮಿತಿ ಒತ್ತಡದಿಂದ ಕಳೆಯಿರಿ. 957ನ್ನು 0.00066ರಿಂದ ಗುಣಿಸಿದರೆ 0.63. ಅದನ್ನು 18ರಿಂದ ಗುಣಿಸಿದರೆ 11.3. ಇದನ್ನು 26.4ರಿಂದ ಕಳೆದರೆ 15.1 ಮಿಲಿಬಾರ್. ಇದು ನಮ್ಮ ಗಾಳಿಯ ಆವಿಯ ಒತ್ತಡ. 40 ಡಿಗ್ರಿಯ ಮಿತಿ 73.8, ಆದ್ದರಿಂದ ಸಾಪೇಕ್ಷ ಆರ್ದ್ರತೆ ಶೇಕಡಾ 20 ಮಾತ್ರ. ಮೇಲಿನ ಅಂಕಿಗಳಲ್ಲಿ 15.1ರ ಸಮೀಪದ ಮಿತಿ ಯಾವ ಉಷ್ಣತೆಯದೆಂದು ಹುಡುಕಿದರೆ 13 ಡಿಗ್ರಿ ಸಿಗುತ್ತದೆ. ಇದು ಇಬ್ಬನಿ ಬಿಂದು. ಈ ಗಾಳಿಯನ್ನು ಅಲ್ಲಿಯವರೆಗೆ ತಣಿಸಿದರೆ ನೀರ ಹನಿ ಕಟ್ಟಲು ಶುರುವಾಗುತ್ತದೆ.

ಆವಿಯ ತೂಕವನ್ನೂ ತಿಳಿಯಬಹುದು. ಆವಿಯ ಒತ್ತಡವನ್ನು 622ರಿಂದ ಗುಣಿಸಿ, ವಾಯುಭಾರದಲ್ಲಿ ಆವಿಯ ಪಾಲು ಕಳೆದು ಉಳಿದುದರಿಂದ ಭಾಗಿಸಿದರೆ, ಒಂದು ಕಿಲೋಗ್ರಾಂ ಒಣ ಗಾಳಿಯ ಜೊತೆಗೆ ಎಷ್ಟು ಗ್ರಾಂ ನೀರಾವಿ ಇದೆಯೆಂದು ಬರುತ್ತದೆ. ನಮ್ಮಲ್ಲಿ ಅದು ಸುಮಾರು 10 ಗ್ರಾಂ. 622 ಎಂಬ ಅಂಕಿ ಎಲ್ಲಿಂದ ಬಂತೆಂದು ರಸಾಯನಶಾಸ್ತ್ರ ಓದುವವರು ಕೇಳಬೇಕು: ನೀರಿನ ಅಣುತೂಕ 18, ಗಾಳಿಯ ಸರಾಸರಿ ಅಣುತೂಕ ಸುಮಾರು 29. ಭಾಗಿಸಿ ನೋಡಿ.

ಕಾಸರಗೋಡಿನ ಗಾಳಿಗೆ ಒಣ ಬುರುಡೆ 33, ಒದ್ದೆ ಬುರುಡೆ 28, ವಾಯುಭಾರ 1013 ಎಂದು ಹಿಡಿದು ಇದೇ ಲೆಕ್ಕ ಮಾಡಿದರೆ ಆವಿಯ ಒತ್ತಡ 34.5 ಮಿಲಿಬಾರ್, ಆರ್ದ್ರತೆ ಸುಮಾರು ಶೇಕಡಾ 69, ಇಬ್ಬನಿ ಬಿಂದು 26 ಡಿಗ್ರಿಗಿಂತ ತುಸು ಮೇಲೆ, ನೀರಾವಿ ಸುಮಾರು 22 ಗ್ರಾಂ. ಗುಣಾಕಾರಗಳನ್ನು ನೀವೇ ಮಾಡಿ ತಾಳೆ ನೋಡಿರಿ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಗಾಳಿಯ ಶಾಖದಲ್ಲಿ ಎರಡು ಪಾಲು. ಒಂದು, ಉಷ್ಣತಾಮಾಪಕಕ್ಕೆ ಕಾಣುವ ಶಾಖ: ಒಂದು ಕಿಲೋಗ್ರಾಂ ಒಣ ಗಾಳಿಗೆ ಡಿಗ್ರಿಗೆ ಸುಮಾರು ಒಂದು ಕಿಲೋಜೂಲ್. ಇನ್ನೊಂದು, ನೀರು ಆವಿಯಾಗುವಾಗ ಹೀರಿಕೊಂಡ, ಉಷ್ಣತಾಮಾಪಕಕ್ಕೆ ಕಾಣದ ಗುಪ್ತೋಷ್ಣ. ಆವಿ ತಾನೇ ಕಾದ ಶಾಖವನ್ನೂ ಕೂಡಿಸಿದರೆ ಗ್ರಾಂ ಒಂದಕ್ಕೆ ಸುಮಾರು 2.57 ಕಿಲೋಜೂಲ್. ಸೊನ್ನೆ ಡಿಗ್ರಿಯಿಂದ ಎಣಿಸಿದರೆ ಅಕ್ಕಲಕೋಟೆಯ ಗಾಳಿಯಲ್ಲಿ 40 ಮತ್ತು 26, ಒಟ್ಟು 66 ಕಿಲೋಜೂಲ್. ಕಾಸರಗೋಡಿನ ಗಾಳಿಯಲ್ಲಿ 33 ಮತ್ತು 56, ಒಟ್ಟು 89. ಏಳು ಡಿಗ್ರಿ ತಂಪಾದ ಗಾಳಿಯಲ್ಲಿ 23 ಕಿಲೋಜೂಲ್ ಹೆಚ್ಚು ಶಾಖ! ಕರಾವಳಿಯ ಸೆಕೆಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿರಲಾರದು.

ಏರ್ ಕೂಲರ್ ಎಂಬುದು ಪೆಟ್ಟಿಗೆಯಲ್ಲಿಟ್ಟ ಒದ್ದೆ ಬುರುಡೆಯೇ ಸರಿ. ಫ್ಯಾನು ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆಯುತ್ತದೆ. ಅದು ಒಟ್ಟು ಶಾಖವನ್ನು ಹೊರಗೆ ಹಾಕುವುದಿಲ್ಲ. ಕಾಣುವ ಶಾಖವನ್ನು ಗುಪ್ತೋಷ್ಣವಾಗಿ ಬದಲಿಸುತ್ತದೆ, ಅಷ್ಟೆ. ಎಷ್ಟೇ ಒಳ್ಳೆಯ ಕೂಲರ್ ಆದರೂ ಒದ್ದೆ ಬುರುಡೆಯ ಉಷ್ಣತೆಗಿಂತ ಕೆಳಗೆ ಗಾಳಿಯನ್ನು ಇಳಿಸಲಾರದು. ಅಂತರದ ಶೇಕಡಾ 80ರಷ್ಟು ಇಳಿಸಿದರೆ ಅದು ಒಳ್ಳೆಯ ಕೂಲರ್. ನಮ್ಮಲ್ಲಿ 18ರ ಶೇಕಡಾ 80 ಎಂದರೆ 14.4, ಹೊರಬರುವ ಗಾಳಿ ಸುಮಾರು 25.6 ಡಿಗ್ರಿ. ಕಾಸರಗೋಡಿನಲ್ಲಿ ಅದೇ ಯಂತ್ರ ನಾಲ್ಕೇ ಡಿಗ್ರಿ ಇಳಿಸಿ, 29 ಡಿಗ್ರಿಯ ತೊಯ್ದ ಗಾಳಿಯನ್ನು ಊದುತ್ತದೆ. ಇಲ್ಲಿ ಮೆಚ್ಚಿದ ಯಂತ್ರವನ್ನು ಅಲ್ಲಿಯ ನೆಂಟರಿಗೆ ಶಿಫಾರಸು ಮಾಡಬಾರದು.

ಕಿಟಕಿ ಮುಚ್ಚಿ ಕೂಲರ್ ಹಾಕುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ತಂಪು ಹೊರಗೆ ಹೋಗದಿರಲೆಂದು. ಆಗ ಕೂಲರ್ ತಾನೇ ತೇವ ಮಾಡಿದ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಎರಡು ಬುರುಡೆಗಳ ಅಂತರ ಕುಗ್ಗುತ್ತದೆ, ಮುಕ್ಕಾಲು ಗಂಟೆಯಲ್ಲಿ ಮೈ ಅಂಟಂಟಾಗುತ್ತದೆ. ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು, ಎದುರಿನ ಕಿಟಕಿ ಅರ್ಧ ತೆರೆದಿರಬೇಕು.

ನೀರಿನ ಲೆಕ್ಕ ನಮ್ಮ ಸೀಮೆಗೆ ಮುಖ್ಯವಾದುದು. ಕೂಲರಿನಿಂದ ಹೊರಬರುವ 25.6 ಡಿಗ್ರಿಯ ಗಾಳಿಯಲ್ಲಿ ಕಿಲೋಗ್ರಾಂಗೆ 16 ಗ್ರಾಂ ಆವಿ ಇರುತ್ತದೆ. ಒಳಹೋಗುವಾಗ 10 ಇತ್ತು. ಅಂದರೆ ಪ್ರತಿ ಕಿಲೋಗ್ರಾಂಗೆ 6 ಗ್ರಾಂಗಿಂತ ತುಸು ಹೆಚ್ಚು ನೀರು ಖರ್ಚು. ಗಂಟೆಗೆ 1000 ಘನ ಮೀಟರ್ ಗಾಳಿ ಎಳೆಯುವ ಸಣ್ಣ ಕೂಲರಿನಲ್ಲಿ ಸುಮಾರು 1050 ಕಿಲೋಗ್ರಾಂ ಗಾಳಿ ಹಾದುಹೋಗುತ್ತದೆ. ಆದ್ದರಿಂದ ಗಂಟೆಗೆ ಆರೂವರೆ ಲೀಟರ್ ನೀರು. ಎಂಟು ಗಂಟೆ ನಡೆಸಿದರೆ 52 ಲೀಟರ್, ಅಂದರೆ 15 ಲೀಟರಿನ ಕೊಡದಲ್ಲಿ ಮೂರೂವರೆ ಕೊಡ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಆ ಮೂರೂವರೆ ಕೊಡ ಹೊರುವವರು ಯಾರು ಎಂಬುದನ್ನೂ, ಕೂಲರ್ ತರುವ ಮೊದಲು ಮನೆಯವರೆಲ್ಲ ಕೂತು ಮಾತಾಡಿಕೊಳ್ಳಬೇಕು. ಸಾಮಾನ್ಯವಾಗಿ ಅದು ಅವ್ವ, ಇಲ್ಲವೇ ಶಾಲೆಯಿಂದ ಆಗಷ್ಟೇ ಬಂದ ಹುಡುಗಿ.

ಕರಾವಳಿಗೆ ಬೇಕಾದದ್ದು ಬೇರೆ ಯಂತ್ರ. ಹವಾನಿಯಂತ್ರಣ ಯಂತ್ರವು ಗಾಳಿಯನ್ನು ಅದರ ಇಬ್ಬನಿ ಬಿಂದುವಿಗಿಂತ ಕೆಳಗಿನ ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ನೀರನ್ನು ಹಿಂಡಿ ತೆಗೆಯುತ್ತದೆ. ಕಾಸರಗೋಡಿನ ಆ ಗಾಳಿಯನ್ನು 25 ಡಿಗ್ರಿ, ಶೇಕಡಾ 50 ಆರ್ದ್ರತೆಗೆ ತರಬೇಕಾದರೆ ಕಿಲೋಗ್ರಾಂಗೆ 12 ಗ್ರಾಂ ನೀರು ಹೊರಬರಬೇಕು, ಒಟ್ಟು 39 ಕಿಲೋಜೂಲ್ ಶಾಖ ತೆಗೆಯಬೇಕು. ಅದರಲ್ಲಿ ಉಷ್ಣತೆ ಇಳಿಸಲು ತಗಲುವುದು 8 ಮಾತ್ರ. ಉಳಿದ 31 ಪೂರಾ ನೀರಿಗಾಗಿ. ಗೋಡೆಯ ಹೊರಗೆ ಕೊಳವೆಯಿಂದ ತೊಟ್ಟಿಕ್ಕುವುದು ಈ ನೀರೇ. ವಿದ್ಯುತ್ ಬಿಲ್ಲು ಏರುವುದಕ್ಕೆ ಅದರ ಪಾಲು ದೊಡ್ಡದು.

ಈ ವಿದ್ಯೆ ಹುಟ್ಟಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ ಎಂಬುದು ಮೋಜಿನ ಸಂಗತಿ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಯಂತ್ರವೊಂದನ್ನು ರೂಪಿಸಿದ. ನಾವು ಮೇಲೆ ಮಾಡಿದಂಥ ಲೆಕ್ಕಗಳ ಸೂತ್ರಗಳನ್ನು 1911ರಲ್ಲಿ ಎಂಜಿನಿಯರುಗಳ ಸಭೆಗೆ ಒಪ್ಪಿಸಿದವನೂ ಅವನೇ. ‘ಏರ್ ಕಂಡೀಷನಿಂಗ್’ ಎಂಬ ಹೆಸರು 1906ರಲ್ಲಿ ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್‌ನಿಂದ ಬಂತು. ಸೊಲ್ಲಾಪುರದ ಚಾದರ, ಟವೆಲ್ಲುಗಳ ಮಗ್ಗದ ಮನೆಗಳಿಂದ ಬರುವ ಮಕ್ಕಳಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ: ಒಣ ಗಾಳಿಯಲ್ಲಿ ಹತ್ತಿಯ ನೂಲು ಪಟಪಟನೆ ಹರಿಯುತ್ತದೆ. ನೇಯ್ಗೆಗೆ ಶೇಕಡಾ 75ರಿಂದ 80ರಷ್ಟು ಆರ್ದ್ರತೆ ಹಿತ. ಆದರೆ ನೂಲಿಗೆ ಹಿತವಾದ ಗಾಳಿ ನೇಯುವವನಿಗೆ ಹಿತವಲ್ಲ.

ಏಕೆಂದರೆ ನಮ್ಮ ಮೈಯೂ ಒಂದು ಒದ್ದೆ ಬುರುಡೆ. ಬೆವರು ಆರಿದರೆ ತಾನೆ ಮೈ ತಣಿಯುವುದು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಒದ್ದೆ ಬುರುಡೆ ಅಲ್ಲಿಗೆ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ತಾಸುಗಳಿಗಿಂತ ಹೆಚ್ಚು ತಾಳಲಾರನೆಂದು 2010ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. 2022ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದವರು ತರುಣರ ಮೇಲೆ ಪ್ರಯೋಗ ಮಾಡಿದಾಗ, ತೇವದ ಸೆಕೆಯಲ್ಲಿ 30-31 ಡಿಗ್ರಿಗೇ ದೇಹದ ಒಳಶಾಖ ಏರತೊಡಗಿತು. ಮುದುಕರ ಮಿತಿ ಇನ್ನೂ ಕೆಳಗೆ. ಆದಕಾರಣ ಬೇಸಿಗೆಯಲ್ಲಿ ಒಣ ಬುರುಡೆಯ ಅಂಕಿಯೊಂದನ್ನೇ ನೋಡಿ ಅಜ್ಜ ಅಜ್ಜಿಯರನ್ನು ಹೊಲಕ್ಕೆ ಕಳುಹಿಸಬಾರದು.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮರುದಿನ ಶಾಲೆಯ ಪಡಸಾಲೆಯಲ್ಲಿ ಎರಡೂ ಅಂಕಿಗಳನ್ನು ಓದಿರಿ. ಒಣ ಬುರುಡೆ 30, ಒದ್ದೆ ಬುರುಡೆ 26 ಎಂದು ಬಂದರೆ, ಆವಿಯ ಒತ್ತಡ 31.1 ಮಿಲಿಬಾರ್, ಆರ್ದ್ರತೆ ಶೇಕಡಾ 73. ಆ ದಿನ ಕೂಲರ್ ಇಳಿಸಬಲ್ಲದ್ದು ಮೂರು ಡಿಗ್ರಿ ಚಿಲ್ಲರೆ. ಅದರ ನೀರಿನ ಪಂಪು ಬಂದ್ ಮಾಡಿ, ಫ್ಯಾನು ಮಾತ್ರ ತಿರುಗಲು ಬಿಡಿ.