ಸ್ಟೀರಿಂಗ್ ಆಯಿಲ್ ಕಾಯುತ್ತಿದ್ದರೆ ಕೂಲರ್ ಹಾಕಬೇಕೆ?

ಪ್ರಶ್ನೆ: ನನ್ನ ಹಳೆಯ ಡೀಸೆಲ್ ಜೀಪಿಗೆ ಬೇರೆ ಗಾಡಿಯ ಪವರ್ ಸ್ಟೀರಿಂಗ್ ಕೂರಿಸಿ, ಅಗಲದ ಟಯರ್ ಹಾಕಿಸಿದ್ದೇನೆ. ತೋಟದ ದಾರಿಯಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸುವಾಗ, ಘಾಟಿ ಹತ್ತಿದ ಮೇಲೆ ಪಂಪ್ ಕುಂಯ್ ಎನ್ನುತ್ತದೆ. ಡಬ್ಬಿಯ ಮುಚ್ಚಳದಿಂದ ಆಯಿಲ್ ಹೊರಬರುತ್ತದೆ. ಕೂಲರ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹೌದೇ? ಹಾಕುವುದಾದರೆ ಎಲ್ಲಿ?
– ಓದುಗರೊಬ್ಬರು, ಹಟ್ಟಿಯಂಗಡಿ

ಉತ್ತರ: ಕೂಲರ್ ಬೇಕಾಗಬಹುದು. ಆದರೆ ಅದನ್ನು ಕೊಳ್ಳುವ ಮೊದಲು ಬಿಸಿ ಎಲ್ಲಿ ಹುಟ್ಟುತ್ತಿದೆ ಎಂದು ನೋಡಿ. ಅರ್ಧ ಬಿಸಿಯನ್ನು ಖರ್ಚಿಲ್ಲದೆ ತಪ್ಪಿಸಲು ಸಾಧ್ಯ.

ಸ್ಟೀರಿಂಗ್ ನೇರವಾಗಿದ್ದಾಗ ಆಯಿಲ್ ಹೆಚ್ಚು ಒತ್ತಡವಿಲ್ಲದೆ ಸುತ್ತುತ್ತಿರುತ್ತದೆ. ತಿರುಗಿಸಿದಾಗ ಒತ್ತಡ ಏರುತ್ತದೆ. ಫುಲ್ ಲಾಕ್‌ಗೆ ಹೋದರೆ ಚಕ್ರ ನಿಲ್ಲುತ್ತದೆ, ಪಂಪ್ ನಿಲ್ಲುವುದಿಲ್ಲ. ಆಗ ರಿಲೀಫ್ ವಾಲ್ವ್ ತೆರೆದು ಆಯಿಲನ್ನು ಹಿಂದಕ್ಕೆ ಬಿಡುತ್ತದೆ, ಇಂಜಿನ್ ಕೊಟ್ಟ ಶಕ್ತಿಯೆಲ್ಲ ಬಿಸಿಯಾಗುತ್ತದೆ. 80 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 6 ಲೀಟರ್ ಹರಿಯುತ್ತಿದೆ ಎಂದುಕೊಳ್ಳಿ. ಅದು 800 ವಾಟ್ ಬಿಸಿ, ಹೆಚ್ಚುಕಡಿಮೆ ಮನೆಯ ಇಸ್ತ್ರಿಪೆಟ್ಟಿಗೆಯಷ್ಟು. ಸುತ್ತುವ ಆಯಿಲ್ ಒಂದೇ ಲೀಟರ್ ಇದ್ದರೆ ಅದು ಸೆಕೆಂಡಿಗೆ ಅರ್ಧ ಡಿಗ್ರಿಯಂತೆ, ಒಂದು ನಿಮಿಷದಲ್ಲಿ 30 ಡಿಗ್ರಿ ಏರುತ್ತದೆ. ಫುಲ್ ಲಾಕ್‌ನಲ್ಲಿ ಹಿಡಿದುಕೊಂಡೇ ಇರಬೇಡಿ ಎಂದು ವಾಹನಗಳ ಕೈಪಿಡಿಗಳು ಎಚ್ಚರಿಸುವುದು ಇದಕ್ಕೇ. ಲಾಕ್ ಮುಟ್ಟಿದ ಕೂಡಲೇ ಕೂದಲೆಳೆಯಷ್ಟು ಹಿಂದೆ ಬಿಡಿ. ಗಾಡಿ ನಿಂತಲ್ಲೇ ಚಕ್ರ ತಿರುಗಿಸುವ ಬದಲು ಚೂರು ಉರುಳಿಸುತ್ತ ತಿರುಗಿಸಿ.

ಅಗಲದ ಟಯರ್, ಹೊರಕ್ಕೆ ಚಾಚಿದ ರಿಮ್, ಕಡಿಮೆ ಗಾಳಿ ಈ ಮೂರೂ ತಿರುಗಿಸಲು ಬೇಕಾದ ಬಲವನ್ನು ಹೆಚ್ಚಿಸುತ್ತವೆ. ಕೆಸರಿಗೆಂದು ಗಾಳಿ ಇಳಿಸಿದ್ದರೆ ಡಾಂಬರು ಸಿಕ್ಕಿದ ಕೂಡಲೇ ಮತ್ತೆ ತುಂಬಿಸಿ. ಘಾಟಿಯ ಲೆಕ್ಕ ಬೇರೆ. ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವಾಗ ಸಣ್ಣ ಗೇರಿನಲ್ಲಿ ಇಂಜಿನ್ ಜೋರಾಗಿ ತಿರುಗುತ್ತದೆ, ಬೆಲ್ಟಿಗೆ ಕಟ್ಟಿದ ಪಂಪೂ ಅಷ್ಟೇ ಜೋರಾಗಿ. ಹೆಚ್ಚಾದ ಆಯಿಲನ್ನು ಪಂಪ್ ತನ್ನೊಳಗೇ ಸುತ್ತಿಸುತ್ತ ಕಾಯುತ್ತದೆ. ಗಾಡಿಯ ವೇಗ ಕಡಿಮೆ, ಆದ್ದರಿಂದ ತಣಿಸುವ ಗಾಳಿಯೂ ಕಡಿಮೆ. ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ದಾರಿಯಂಥ ಕಡೆ ಈ ಕಷ್ಟಗಳೆಲ್ಲ ಒಟ್ಟಿಗೇ ಬರುತ್ತವೆ. ರೇಸಿನ ಗಾಡಿಗಳಲ್ಲಿ ಪಂಪಿಗೆ ದೊಡ್ಡ ಪುಲ್ಲಿ ಹಾಕಿ ಅದರ ವೇಗ ಇಳಿಸುವುದುಂಟು. ಬೇರೆ ಗಾಡಿಯ ಪಂಪ್ ಕೂರಿಸಿದ ನೀವೂ ಪುಲ್ಲಿಯ ಅಳತೆ ಹೊಂದುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ. ಹೋಸ್ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಹಾದಿದ್ದರೆ ದೂರ ಸರಿಸಿ, ಇಲ್ಲವೇ ನಡುವೆ ತಗಡಿನ ಅಡ್ಡ ಕೊಡಿ. ಆ ಬಿಸಿ ಪೈಪಿನ ಮೇಲೆ ಆಯಿಲ್ ಸೋರಿದರೆ ಬೆಂಕಿಯೇ ಹತ್ತೀತು.

ಈಗ ನಿಮ್ಮ ಎರಡು ಲಕ್ಷಣಗಳು. ಕುಂಯ್ ಸದ್ದಿಗೆ ಗಾಳಿಯೂ ಕಾರಣವಾಗಬಹುದು: ಡಬ್ಬಿಯಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ ಸಡಿಲವಿದ್ದರೆ ಪಂಪ್ ಗಾಳಿ ಎಳೆದು ಆಯಿಲ್ ನೊರೆಯಾಗುತ್ತದೆ. ನೊರೆಗಟ್ಟಿದ ಆಯಿಲ್ ಡಬ್ಬಿಯಲ್ಲಿ ಹಿಡಿಯದೆ ಉಕ್ಕುತ್ತದೆ. ಇನ್ನೊಂದು ಕಾರಣ, ತಣ್ಣಗಿದ್ದಾಗಲೇ ಮೇಲಿನ ಗೆರೆವರೆಗೆ ತುಂಬಿಸಿರುವುದು. 60 ಡಿಗ್ರಿ ಬಿಸಿ ಏರಿದರೆ ಒಂದು ಲೀಟರ್ ಆಯಿಲ್ ಸುಮಾರು 40 ಮಿಲಿಲೀಟರ್ ಹಿಗ್ಗುತ್ತದೆ. ಡಬ್ಬಿಯ ಮೇಲೆ ತಣ್ಣಗಿದ್ದಾಗಿನ ಗೆರೆ, ಬಿಸಿಯಾದಾಗಿನ ಗೆರೆ ಬೇರೆ ಬೇರೆ ಇರುವುದು ಅದಕ್ಕೇ.

ಇದೆಲ್ಲ ಸರಿಯಿದ್ದರೆ ಬಿಸಿ ಅಳೆಯಿರಿ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಮೈಬಿಸಿಯಷ್ಟನ್ನೇ ತೋರಿಸುತ್ತದೆ. ಕೈಗಾರಿಕೆಗೆ ಬಳಸುವ ಇನ್‌ಫ್ರಾರೆಡ್ ಮೀಟರ್ ಬೇಕು. ಹೊಳೆಯುವ ಲೋಹಕ್ಕೆ ಹಿಡಿದರೆ ಅದೂ ಕಡಿಮೆ ತೋರಿಸುತ್ತದೆ, ಕಪ್ಪು ಟೇಪ್ ಸುತ್ತಿ ಅದರ ಮೇಲೆ ಹಿಡಿಯಿರಿ. ಕಷ್ಟದ ಓಟ ಮುಗಿದ ಕೂಡಲೇ ನೋಡಿದಾಗ 100 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ಕೂಲರ್ ಬೇಡ. ಪದೇ ಪದೇ 120ರ ಹತ್ತಿರ ಹೋಗುತ್ತಿದ್ದರೆ ಹಾಕಿಸಿ. ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲ್ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಕೆಂಪು ಆಯಿಲ್ ಕಂದಾಗಿ ಸುಟ್ಟ ವಾಸನೆ ಬಂದರೆ ಸೀಲುಗಳೂ ಗಟ್ಟಿಯಾಗುತ್ತಿವೆ ಎಂದರ್ಥ.

ಕೂಲರ್ ಹಾಕುವುದು ರಿಟರ್ನ್ ಲೈನಿಗೆ, ಅಂದರೆ ಸ್ಟೀರಿಂಗ್ ಬಾಕ್ಸಿನಿಂದ ಡಬ್ಬಿಗೆ ಮರಳುವ ಪೈಪಿಗೆ ಮಾತ್ರ. ಪಂಪಿನಿಂದ ಬಾಕ್ಸಿಗೆ ಹೋಗುವ ಲೈನಿನ ಒತ್ತಡಕ್ಕೆ ಮಾಮೂಲಿ ಕೂಲರ್ ಒಡೆದೇ ಹೋಗುತ್ತದೆ. ಒಳರಂಧ್ರ ಹಳೆಯ ಪೈಪಿಗಿಂತ ಸಣ್ಣದಿರಬಾರದು. ಹಿಂದೊತ್ತಡ ಹೆಚ್ಚಿದರೆ ಸೀಲ್ ಸೋರುತ್ತದೆ. ಹೋಸ್ ಆಯಿಲಿಗೂ ಬಿಸಿಗೂ ತಡೆಯುವಂಥದ್ದಿರಲಿ, ರೇಡಿಯೇಟರಿನ ನೀರಿನ ಹೋಸ್ ಬೇಡ. ಕೂರಿಸುವ ಜಾಗ ರೇಡಿಯೇಟರಿನ ಮುಂದೆ, ಫ್ಯಾನ್ ಗಾಳಿ ಎಳೆಯುವಲ್ಲಿ, ಕಲ್ಲು ಬಡಿಯದಷ್ಟು ಎತ್ತರದಲ್ಲಿ. ದೊಡ್ಡದೇ ಬೇಕೆಂದಿಲ್ಲ. ಎಷ್ಟೋ ಕಾರುಗಳಿಗೆ ಕಂಪನಿಯೇ ಕೊಡುವುದು ಒಂದು ಸುತ್ತು ಬಾಗಿಸಿದ ಲೋಹದ ಪೈಪ್ ಅಷ್ಟೇ.

ನಮ್ಮ ಕಡೆ ಕೂಲರಿಗೆ ಎರಡು ಶತ್ರುಗಳು, ಕೆಂಪು ಮಣ್ಣು ಮತ್ತು ಕಡಲ ಉಪ್ಪುಗಾಳಿ. ಮಣ್ಣು ರೆಕ್ಕೆಗಳ ನಡುವೆ ಒಣಗಿ ಕೂತರೆ ಕೂಲರ್ ಇದ್ದೂ ಇಲ್ಲದಂತೆ. ಹಿಂಬದಿಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮರವಂತೆಯ ಕಡಲಬದಿ ರಸ್ತೆಯಲ್ಲಿ ದಿನವೂ ಓಡಾಡುವವರು ಪೈಪಿನ ಜೋಡಣೆಗಳಿಗೆ ತುಕ್ಕು ಹಿಡಿದಿದೆಯೇ ಎಂದು ಮಳೆಗಾಲದ ನಂತರ ನೋಡಲೇಬೇಕು.

ಆಯಿಲ್ ಪಂಪ್ ತಯಾರಕರು ಹೇಳಿದ್ದೇ ಇರಲಿ. ಕೆಂಪು ಎಟಿಎಫ್‌ಗೆ ಹಸಿರು ಸಿಂಥೆಟಿಕ್ ಆಯಿಲ್ ಬೆರೆಸಬೇಡಿ. ತುಂಬಿಸಿದ ಮೇಲೆ ಮುಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ, ಇಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ ಗಾಳಿ ಹೊರಗೆ ಹಾಕಿ. ಆಮೇಲೆ ಸ್ಟಾರ್ಟ್ ಮಾಡಿ.

ಇದನ್ನು ಓದುವ ಹೊಸ ಸಣ್ಣ ಕಾರುಗಳ ಮಾಲೀಕರಿಗೆ ಒಂದು ಮಾತು: ಅವುಗಳಲ್ಲಿ ಹೆಚ್ಚಿನವಕ್ಕೆ ಎಲೆಕ್ಟ್ರಿಕ್ ಸ್ಟೀರಿಂಗ್, ಆಯಿಲೇ ಇಲ್ಲ, ಕೂಲರಿನ ಪ್ರಶ್ನೆಯೂ ಇಲ್ಲ. ನಿಮ್ಮ ಜೀಪಿನ ಬದಲಾವಣೆಗಳು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವಾಗಿವೆಯೇ ಎಂದು ಆರ್‌ಟಿಓದಲ್ಲಿ ವಿಚಾರಿಸಿಕೊಳ್ಳಿ.

ಕೊನೆಯದು ಜೀವಕ್ಕೆ ಸಂಬಂಧಿಸಿದ್ದು. ಘಾಟಿಯಲ್ಲಿ ಹೋಸ್ ಒಡೆದರೆ ಸ್ಟೀರಿಂಗ್ ಕೈಬಿಡುವುದಿಲ್ಲ, ಒಮ್ಮೆಲೇ ಭಾರವಾಗುತ್ತದೆ ಅಷ್ಟೇ. ಗಾಬರಿಯಾಗದೆ ಎರಡೂ ಕೈಯಿಂದ ಗಟ್ಟಿಯಾಗಿ ತಿರುಗಿಸಿ, ನಿಧಾನಿಸಿ, ಬದಿಗೆ ನಿಲ್ಲಿಸಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಇಂಜಿನ್ ಆಫ್ ಮಾಡುವ ಅಭ್ಯಾಸವಿದ್ದರೆ ಈ ಜೀಪಿನಲ್ಲಿ ಅದನ್ನು ಬಿಟ್ಟೇಬಿಡಿ: ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ.