ಕೋಪನ್‌ಹೇಗನ್ನಿನ ವಾರ್ಷಿಕ ಗೋಷ್ಠಿ ಮತ್ತು ಕಾಣದ ಕಣ

ವಿಶ್ವವಿದ್ಯಾನಿಲಯದ ವಿಜ್ಞಾನ ವಿಭಾಗವೊಂದು ವರ್ಷಕ್ಕೊಮ್ಮೆ ಪಾಠ ಪರೀಕ್ಷೆಗಳ ಗದ್ದಲದಿಂದ ಬಿಡಿಸಿಕೊಂಡು, ತನ್ನ ಸಂಶೋಧನೆಯ ಲೆಕ್ಕವನ್ನು ತಾನೇ ಒಪ್ಪಿಸಿಕೊಳ್ಳಲು ಒಂದೆಡೆ ಕೂಡುವ ಪದ್ಧತಿ ಇಂದು ಅನೇಕ ದೇಶಗಳಲ್ಲುಂಟು. ಭೌತವಿಜ್ಞಾನದಲ್ಲಿ ಈ ಬಗೆಯ ಕೂಟಕ್ಕೆ ಕೀರ್ತಿಯನ್ನು ತಂದುಕೊಟ್ಟುದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಸೈದ್ಧಾಂತಿಕ ಭೌತವಿಜ್ಞಾನ ಸಂಸ್ಥೆ. ನೀಲ್ಸ್ ಬೋರ್ ಮಹಾಶಯನು 1921ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ 1929ರ ಏಪ್ರಿಲ್ ತಿಂಗಳಲ್ಲಿ ಇಂಥ ಮೊದಲ ಗೋಷ್ಠಿ ನಡೆಯಿತು. ಮುಂದೆ ಅದು ಹೆಚ್ಚು ಕಡಮೆ ವರ್ಷಕ್ಕೊಮ್ಮೆ ಕೂಡತೊಡಗಿತು.

ಅಲ್ಲಿ ಕೂಡುತ್ತಿದ್ದವರು ಸುಮಾರು ಮೂವತ್ತು ನಲವತ್ತು ಮಂದಿ. ಅವರಲ್ಲಿ ಹೆಚ್ಚಿನವರು ಹಿಂದೊಮ್ಮೆ ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದವರು. ಎಂದರೆ ತವರಿಗೆ ಬಂದ ಹೆಣ್ಣುಮಕ್ಕಳಂತೆ. ಮೊದಲೇ ಅಚ್ಚಾದ ಕಾರ್ಯಕ್ರಮವಿಲ್ಲ, ಭಾಷಣಗಳನ್ನು ಸಂಪುಟವಾಗಿ ಪ್ರಕಟಿಸುವ ಗೋಜಿಲ್ಲ. ಯಾವ ಪ್ರಶ್ನೆ ಆ ವರ್ಷ ಎಲ್ಲರ ನಿದ್ದೆಗೆಡಿಸಿದೆಯೋ ಅದೇ ಚರ್ಚೆಯ ವಿಷಯ. (ಹಾರ, ಸ್ವಾಗತ, ವಂದನಾರ್ಪಣೆಗಳಿಗೇ ಅರ್ಧ ದಿನ ಸಲ್ಲುವ ನಮ್ಮ ಕೆಲವು ವಿಚಾರ ಸಂಕಿರಣಗಳನ್ನು ಬಲ್ಲ ವಾಚಕರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದ್ದಿಲ್ಲ.) ಗೋಷ್ಠಿಯ ಕೊನೆಯಲ್ಲಿ ಕಿರಿಯರು ಒಂದು ಪ್ರಹಸನವನ್ನು ಆಡುವ ರೂಢಿಯೂ ಇತ್ತು.

1932ರ ವಸಂತದಲ್ಲಿ ನಡೆದ ಗೋಷ್ಠಿಯ ಪ್ರಹಸನ ಇವುಗಳಲ್ಲೆಲ್ಲ ಪ್ರಸಿದ್ಧವಾದುದು. ಅದು ಜರ್ಮನ್ ಮಹಾಕವಿ ಗಯಟೆ ತೀರಿಕೊಂಡು ನೂರು ವರ್ಷ ತುಂಬಿದ ವರ್ಷ. ಆ ನೆಪದಿಂದ ಮ್ಯಾಕ್ಸ್ ಡೆಲ್‌ಬ್ರೂಕ್ ಎಂಬ ತರುಣನು ಕವಿಯ ‘ಫೌಸ್ಟ್’ ನಾಟಕವನ್ನೇ ಭೌತವಿಜ್ಞಾನಿಗಳ ಕಥೆಯಾಗಿ ತಿರುಗಿಸಿ ಬರೆದನು. ಅದರಲ್ಲಿ ಭಗವಂತನೆಂದರೆ ಬೋರ್. ಅವನನ್ನು ಕೆಣಕುವ ಸೈತಾನ, ಎಂಥವರನ್ನೂ ಟೀಕೆಯಿಂದ ಸುಡಬಲ್ಲ ವೊಲ್ಫ್‌ಗ್ಯಾಂಗ್ ಪೌಲಿ. ಆತ ಆ ವರ್ಷ ಗೋಷ್ಠಿಗೆ ಬಂದೇ ಇರಲಿಲ್ಲ. ಎಲ್ಲದರಲ್ಲೂ ಸಂಶಯಪಡುವ ಫೌಸ್ಟನು ಲೈಡನ್ನಿನ ಪಾಲ್ ಎಹ್ರೆನ್‌ಫೆಸ್ಟ್. ಸೋವಿಯತ್ ಸರಕಾರದ ಅನುಮತಿ ದೊರೆಯದೆ ಬರಲಾಗದಿದ್ದ ಗ್ಯಾಮೋವನನ್ನು ಕಂಬಿಗಳ ಹಿಂದೆ ತೋರಿಸಿದ್ದರು. ಇನ್ನು ಫೌಸ್ಟನನ್ನು ಮರುಳುಗೊಳಿಸಲು ಸೈತಾನನು ಕರೆತರುವ ಕನ್ಯೆ ಗ್ರೆಟ್ಚೆನ್ ಯಾರು? ಅವಳು ಮನುಷ್ಯಳಲ್ಲ, ಯಾರ ಕಣ್ಣಿಗೂ ಬಿದ್ದಿರದ, ವಿದ್ಯುದಂಶವೂ ತೂಕವೂ ಇಲ್ಲದ ಒಂದು ಕಣ.

ನಗೆಯ ಹಿಂದೆ ಇದ್ದ ಸಂಗತಿ ನಗೆಯದಾಗಿರಲಿಲ್ಲ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು ಎಂಬ ನಿಯಮ ಉಳಿಯುವುದೋ ಅಳಿಯುವುದೋ ಎಂಬುದೇ ಅಲ್ಲಿಯ ವಿವಾದ.

ಕೆಲವು ವಿಕಿರಣಶೀಲ ಧಾತುಗಳ ಪರಮಾಣು ಬೀಜದಿಂದ ಎಲೆಕ್ಟ್ರಾನ್ ಹೊರಚಿಮ್ಮುತ್ತದೆ. ಇದಕ್ಕೆ ಬೀಟಾ ಕ್ಷಯವೆಂದು ಹೆಸರು. ಒಂದೇ ಧಾತುವಿನ ಬೀಜಗಳೆಲ್ಲ ಒಂದೇ ತೆರನಾದುವು. ಕ್ಷಯದ ಬಳಿಕ ಉಳಿಯುವ ಬೀಜಗಳೂ ಹಾಗೆಯೇ. ಹೀಗಿರಲು ಹೊರಬರುವ ಎಲೆಕ್ಟ್ರಾನುಗಳೆಲ್ಲವೂ ಒಂದೇ ಪ್ರಮಾಣದ ಶಕ್ತಿಯನ್ನು ಹೊತ್ತು ಬರಬೇಕಷ್ಟೆ. ಆದರೆ 1914ರಲ್ಲಿ ಜೇಮ್ಸ್ ಚಾಡ್‌ವಿಕ್ ಅಳೆದು ನೋಡಿದಾಗ, ಸೊನ್ನೆಯ ಸಮೀಪದಿಂದ ಹಿಡಿದು ಒಂದು ಗರಿಷ್ಠ ಮಿತಿಯವರೆಗೆ ಎಲ್ಲ ಪ್ರಮಾಣದ ಶಕ್ತಿಗಳೂ ಕಂಡುಬಂದುವು. ಕೆಲವರು ಇದಕ್ಕೊಂದು ಸುಲಭ ಸಮಾಧಾನವನ್ನು ಹೇಳಿದರು: ಎಲೆಕ್ಟ್ರಾನುಗಳೆಲ್ಲ ಸಮಾನ ಶಕ್ತಿಯಿಂದಲೇ ಹೊರಡುತ್ತವೆ, ಆದರೆ ದಾರಿಯಲ್ಲಿ ಒಂದೊಂದು ಒಂದೊಂದಷ್ಟನ್ನು ಕಳೆದುಕೊಳ್ಳುತ್ತದೆ.

ಇದನ್ನು ಒರೆಗೆ ಹಚ್ಚಿದ ಪ್ರಯೋಗ ಬಹು ಸೊಗಸಾದುದು. ದಾರಿಯಲ್ಲಿ ಚೆಲ್ಲಿದ ಶಕ್ತಿ ಎಲ್ಲಿಗೂ ಹೋಗದಂತೆ ವಿಕಿರಣಶೀಲ ವಸ್ತುವನ್ನು ದಪ್ಪ ಸೀಸದ ಗೋಡೆಯ ಉಷ್ಣಮಾಪಕದೊಳಗೆ ಮುಚ್ಚಿಟ್ಟರೆ, ಕೊನೆಗೆ ಎಲ್ಲವೂ ಶಾಖವಾಗಿ ಲೆಕ್ಕಕ್ಕೆ ಸಿಕ್ಕಲೇಬೇಕು. 1927ರಲ್ಲಿ ಕೇಂಬ್ರಿಜ್ಜಿನ ಎಲ್ಲಿಸ್ ಮತ್ತು ವೂಸ್ಟರ್ ರೇಡಿಯಂ-ಇ ಎಂಬ ವಸ್ತುವನ್ನು ಹೀಗೆ ಪರೀಕ್ಷಿಸಿದರು. ಅದರ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿ ಸುಮಾರು 10.5 ಲಕ್ಷ ಎಲೆಕ್ಟ್ರಾನ್ ವೋಲ್ಟು. ಸರಾಸರಿ ಸುಮಾರು 3.9 ಲಕ್ಷ. ಮೇಲಿನ ಸಮಾಧಾನ ನಿಜವಾಗಿದ್ದರೆ ಬೀಜವೊಂದಕ್ಕೆ 10.5 ಲಕ್ಷದಷ್ಟು ಶಾಖ ಬರಬೇಕಾಗಿತ್ತು. ಬಂದುದು ಸುಮಾರು 3.5 ಲಕ್ಷ, ಪ್ರಯೋಗದ ದೋಷದ ಮಿತಿಯೊಳಗೆ ಸರಾಸರಿಯಷ್ಟೇ. ಬರ್ಲಿನ್ನಿನ ಲೀಸೆ ಮೈಟ್ನರ್ ಇದನ್ನು ನಂಬಲಾರದೆ ತಾನೇ ಮತ್ತೆ ಅಳೆದಳು. 1930ರಲ್ಲಿ ಅವಳಿಗೂ ಅದೇ ಉತ್ತರ ಬಂದಿತು. ಪ್ರತಿಪಕ್ಷದ ಫಲಿತಾಂಶವನ್ನು ತನ್ನ ಕೈಯಾರೆ ಸ್ಥಿರಪಡಿಸಿ ಒಪ್ಪಿಕೊಂಡ ಈ ವಿದುಷಿ 1932ರ ಗೋಷ್ಠಿಯಲ್ಲಿ ಎದುರು ಸಾಲಿನಲ್ಲಿಯೇ ಕುಳಿತಿದ್ದಳು.

ಹಾಗಾದರೆ ಉಳಿದ ಶಕ್ತಿ ಎಲ್ಲಿ ಹೋಯಿತು? ಬೋರನು ಧೈರ್ಯವಾಗಿ, ಪರಮಾಣು ಬೀಜದೊಳಗೆ ಶಕ್ತಿನಿತ್ಯತೆಯ ನಿಯಮ ಪ್ರತಿಯೊಂದು ಘಟನೆಗೂ ಅನ್ವಯಿಸದೆ, ಸರಾಸರಿಯಲ್ಲಿ ಮಾತ್ರ ನಿಲ್ಲಬಹುದೆಂದು ಸೂಚಿಸಿದನು. ಪೌಲಿಗೆ ಇದು ಸೇರಲಿಲ್ಲ. 1930ರ ಡಿಸೆಂಬರ್ 4ರಂದು ಟ್ಯೂಬಿಂಗೆನ್ನಿನಲ್ಲಿ ಕೂಡಿದ್ದ ವಿಕಿರಣ ತಜ್ಞರಿಗೆ ಅವನೊಂದು ಪತ್ರವನ್ನು ಬರೆದನು. ಎಲೆಕ್ಟ್ರಾನಿನೊಡನೆ ವಿದ್ಯುದಂಶವಿಲ್ಲದ ಇನ್ನೊಂದು ಹಗುರ ಕಣವೂ ಹೊರಡುತ್ತದೆ. ಸೀಸದ ಗೋಡೆಯನ್ನೂ ದಾಟಿ ಹೋಗುವ ಅದೇ ಉಳಿದ ಶಕ್ತಿಯ ಕಳ್ಳ ಎಂಬುದು ಅವನ ಊಹೆ. ಜೂರಿಕ್ಕಿನ ನೃತ್ಯಕೂಟವೊಂದಕ್ಕೆ ಹೋಗಬೇಕಾಗಿದ್ದುದರಿಂದ ತಾನು ಸಭೆಗೆ ಬರಲಾಗದೆಂದೂ ಅದರಲ್ಲಿ ಬರೆದಿದ್ದನು! ಆ ಕಣಕ್ಕೆ ಅವನಿಟ್ಟ ಹೆಸರು ‘ನ್ಯೂಟ್ರಾನ್’.

ಇಲ್ಲಿಯೇ 1932ರ ಪ್ರಹಸನದ ಸ್ವಾರಸ್ಯ. ಗೋಷ್ಠಿಗೆ ಕೆಲವೇ ವಾರಗಳ ಮೊದಲು, ಫೆಬ್ರವರಿಯಲ್ಲಿ, ಅದೇ ಚಾಡ್‌ವಿಕ್ ವಿದ್ಯುದಂಶವಿಲ್ಲದ ಕಣವೊಂದನ್ನು ಪ್ರಯೋಗದಿಂದ ಹಿಡಿದಿದ್ದನು. ಆದರೆ ಅದು ಪ್ರೋಟಾನಿನಷ್ಟು ಭಾರವಾದುದು. ಪೌಲಿಯ ಕಣ ಅದಾಗಿರಲು ಸಾಧ್ಯವಿರಲಿಲ್ಲ. ಒಂದೇ ಹೆಸರಿಗೆ ಇಬ್ಬರು ಹಕ್ಕುದಾರರು: ಒಬ್ಬಳು ಹಾಡುತ್ತ ರಂಗದ ಮೇಲೆ ಬರುವ, ಕಾಣದ ಗ್ರೆಟ್ಚೆನ್, ಇನ್ನೊಂದು ನಾಟಕದ ಕೊನೆಯಲ್ಲಿ ಚಾಡ್‌ವಿಕ್ ಪಾತ್ರಧಾರಿ ಬೆರಳ ತುದಿಯಲ್ಲಿ ನಿಲ್ಲಿಸಿಕೊಂಡು ಬರುವ ಕರಿಯ ಚೆಂಡು. ಹೆಸರು ಚೆಂಡಿಗೇ ಸಂದಿತು. ಹಗುರ ಕಣವು ಇಟಲಿಯ ವಿಜ್ಞಾನಿಗಳ ಬಾಯಲ್ಲಿ ‘ನ್ಯೂಟ್ರಿನೊ’, ಎಂದರೆ ಮರಿ ನ್ಯೂಟ್ರಾನ್, ಆಯಿತು.

ಗುರುವನ್ನು ಅವನ ಎದುರಿಗೇ ಹೀಗೆ ಹಾಸ್ಯಮಾಡುವುದು ಅವಿನಯವಲ್ಲವೆ ಎಂದು ನಮ್ಮಲ್ಲಿ ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಬೋರನ ಅಭಿಪ್ರಾಯ ತಪ್ಪಿರಬಹುದೆಂಬುದನ್ನು ಅವನದೇ ಸಂಸ್ಥೆಯಲ್ಲಿ, ಅವನದೇ ಶಿಷ್ಯರು ಗಟ್ಟಿಯಾಗಿ ಹೇಳಬಹುದಾಗಿತ್ತು. ಅವನೂ ಕುಳಿತು ಕೇಳುತ್ತಿದ್ದನು. 1934ರಲ್ಲಿ ಎನ್ರಿಕೊ ಫರ್ಮಿಯು ನ್ಯೂಟ್ರಿನೊವನ್ನು ಆಧಾರವಾಗಿಟ್ಟುಕೊಂಡು ಬೀಟಾ ಕ್ಷಯದ ಸಿದ್ಧಾಂತವನ್ನು ಪ್ರಕಟಿಸಿದನು. 1936ರಲ್ಲಿ ಬೋರನು ಶಕ್ತಿನಿತ್ಯತೆಯನ್ನು ಸಂಶಯಿಸಲು ಕಾರಣ ಉಳಿದಿಲ್ಲವೆಂದು ತಾನೇ ಬರೆದನು. ಫೌಸ್ಟನಾಗಿದ್ದ ಎಹ್ರೆನ್‌ಫೆಸ್ಟ್ ಇದನ್ನು ಕಾಣಲಿಲ್ಲ. ತೀವ್ರ ಖಿನ್ನತೆಯಿಂದ ನರಳುತ್ತಿದ್ದ ಅವನು 1933ರ ಸೆಪ್ಟೆಂಬರಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಗ್ರೆಟ್ಚೆನ್ ಕೈಗೆ ಸಿಕ್ಕಿದುದು 1956ರಲ್ಲಿ. ಅಮೆರಿಕದ ಸವಾನಾ ನದಿಯ ದಂಡೆಯ ಪರಮಾಣು ಸ್ಥಾವರದ ಬಳಿ ರೈನ್ಸ್ ಮತ್ತು ಕೋವನ್ ನೀರಿನ ತೊಟ್ಟಿಗಳನ್ನಿಟ್ಟು ಕಾದರು. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 10 ಲಕ್ಷ ಕೋಟಿ ನ್ಯೂಟ್ರಿನೊಗಳು ಆ ತೊಟ್ಟಿಗಳನ್ನು ಹಾಯ್ದು ಹೋಗುತ್ತಿದ್ದುವು. ಅವುಗಳಲ್ಲಿ ಗುರುತು ಬಿಟ್ಟುಹೋದುವು ಗಂಟೆಗೆ ಸುಮಾರು ಮೂರು. ಪೌಲಿಗೆ ತಂತಿ ಹೋಯಿತು. ತನ್ನ ಊಹೆ ನಿಜವಾದುದನ್ನು ತಿಳಿದು ಅವನು ಇನ್ನೂ ಎರಡು ವರ್ಷ ಬದುಕಿದ್ದನು.

ಮುಂದಿನ ಅಂಕದ ರಂಗಸ್ಥಳ ಕೋಲಾರದ ಚಿನ್ನದ ಗಣಿ. ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ಅವುಗಳನ್ನು ಹಿಡಿಯಲು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ಹೂಡಿತು. ತಂಡದಲ್ಲಿ ಎಂ.ಜಿ.ಕೆ. ಮೆನನ್ ಅವರೊಡನೆ ನಮ್ಮ ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್ ಅವರೂ ಇದ್ದರು. ಅಷ್ಟು ಆಳಕ್ಕೆ ಮೇಲಿನಿಂದ ನುಸುಳಿ ಬರುವ ಮ್ಯುವಾನ್ ಕಣಗಳು ಬಹುಮಟ್ಟಿಗೆ ನೆಟ್ಟಗೆ ಕೆಳಮುಖವಾಗಿ ಬರುತ್ತವೆ. ಅಡ್ಡವಾಗಿ ಬರಬೇಕಾದರೆ ಅವು ಇನ್ನೂ ಎಷ್ಟೋ ಪಟ್ಟು ಬಂಡೆಯನ್ನು ದಾಟಬೇಕು, ಅದು ಆಗದ ಮಾತು. ಆದುದರಿಂದ ಅಡ್ಡಡ್ಡವಾಗಿ ಹಾಯುವ ಮ್ಯುವಾನ್ ಕಂಡರೆ ಅದು ಅಲ್ಲಿಯೇ ಸುತ್ತಲಿನ ಬಂಡೆಯಲ್ಲಿ ನ್ಯೂಟ್ರಿನೊವಿನಿಂದ ಹುಟ್ಟಿದುದೆಂದೇ ತಿಳಿಯಬೇಕು. ಈ ಕಾರಣದಿಂದ ಉಪಕರಣವನ್ನು ನೆಲದ ಮೇಲೆ ಹಾಸದೆ ಗೋಡೆಯಂತೆ ನಿಲ್ಲಿಸಿದರು. 1965ರಲ್ಲಿ ಅಂಥ ಕಣಗಳು, ಬೆರಳಲ್ಲಿ ಎಣಿಸುವಷ್ಟೇ ಆದರೂ, ಕಂಡುವು. ಹೆಚ್ಚು ಕಡಮೆ ಅದೇ ವೇಳೆಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸನ ತಂಡಕ್ಕೂ ಕಂಡುವು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಅದಕ್ಕೆ ಮೂರು ವರ್ಷ ಮೊದಲು, 1998ರಲ್ಲಿ, ಜಪಾನಿನ ಗಣಿಯೊಂದರಲ್ಲಿ ಇದೇ ವಾಯುಮಂಡಲದ ನ್ಯೂಟ್ರಿನೊಗಳನ್ನು ಪರೀಕ್ಷಿಸಿದವರು ಅವು ದಾರಿಯಲ್ಲಿ ರೂಪ ಬದಲಿಸುವುದನ್ನು ಕಂಡರು. ರೂಪ ಬದಲಿಸಬೇಕಾದರೆ ದ್ರವ್ಯರಾಶಿ ಇರಲೇಬೇಕು. ತೂಕವೇ ಇಲ್ಲವೆಂದು ಕೋಪನ್‌ಹೇಗನ್ನಿನಲ್ಲಿ ಹಾಡಿದ ಗ್ರೆಟ್ಚೆನ್ನಳಿಗೂ ಕಿಂಚಿತ್ ತೂಕವುಂಟು. ಅದು ಎಷ್ಟೆಂಬುದನ್ನು ಇಂದಿಗೂ ಅಳೆಯುತ್ತಿದ್ದಾರೆ.