ಸೋದರಮಾವ, ಗೋತ್ರ ಮತ್ತು ಡಿಎನ್‌ಎ

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ಅಮ್ಮನ ಕೊನೇ ತಮ್ಮನಿಗೇ ನನ್ನನ್ನು ಕೊಡಬೇಕೆಂದು ಅಜ್ಜಿ ಹಟ ಹಿಡಿದಿದ್ದಾರೆ. ‘ಗೋತ್ರ ಬೇರೆ, ರಕ್ತದ ಗುಂಪೂ ಬೇರೆ. ನಮ್ಮ ಕಾಲದಲ್ಲಿ ಎಲ್ಲರದೂ ಹೀಗೇ ಆಗಿದ್ದು, ಯಾರಿಗೇನಾಯ್ತು?’ ಅನ್ನುತ್ತಾರೆ. ಡಿಎನ್‌ಎ ಪರೀಕ್ಷೆ ಮಾಡಿಸಿಬಿಟ್ಟರೆ ಎಲ್ಲ ಗೊತ್ತಾಗುತ್ತದೆ ಎನ್ನುವುದು ಅಣ್ಣನ ಮಾತು. ಹೊರಗಿನ ಸಂಬಂಧವಾದರೆ ಈ ಯೋಚನೆಯೇ ಇರುವುದಿಲ್ಲವೇ? (ಹೆಸರು, ಊರು ಬೇಡ)

ಉತ್ತರ: ಅಜ್ಜಿಯ ಮೂರು ಮಾತುಗಳಲ್ಲಿ ರಕ್ತದ ಗುಂಪಿನದನ್ನು ಬೇಗ ಮುಗಿಸಬಹುದು. ನಮ್ಮಲ್ಲಿ ಸುಮಾರು 20,000 ಜೀನ್‌ಗಳಿವೆ. ಎ, ಬಿ, ಓ ಎಂದು ಗುರುತು ಹಚ್ಚುವುದು ಅದರಲ್ಲಿ ಒಂದು ಜೀನ್, ಪಾಸಿಟಿವ್–ನೆಗೆಟಿವ್ ಹೇಳುವುದು ಇನ್ನೊಂದು. ಒಡಹುಟ್ಟಿದವರ ಗುಂಪೇ ಎಷ್ಟೋ ಸಲ ಬೇರೆಬೇರೆ ಇರುತ್ತದೆ. ಗುಂಪು ಬೇರೆ ಬಂದಿತೆಂದು ನಂಟು ದೂರವಾಗುವುದಿಲ್ಲ.

ಗೋತ್ರದ ಮಾತಿಗೆ ಸ್ವಲ್ಪ ನಿಲ್ಲಬೇಕು. ಗೋತ್ರ ಅಪ್ಪನಿಂದ ಮಕ್ಕಳಿಗೆ ಬರುತ್ತದೆ, ಗಂಡಸರ ದಾರಿಯಲ್ಲಿ ಮಾತ್ರ ಮುಂದುವರಿಯುತ್ತದೆ. ಡಿಎನ್‌ಎ ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ. ಹಾಗಾಗಿ ನಮ್ಮ ‘ವರಸೆ’ಯ ಲೆಕ್ಕಕ್ಕೂ ಜೀನ್‌ಗಳ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ದೊಡ್ಡಪ್ಪನ ಮಗ ನಿಮಗೆ ಅಣ್ಣ; ಅವನ ಜೊತೆ ಮದುವೆ ಎಂದರೆ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಾರೆ. ಸೋದರಮಾವನ ಮಗನಾದರೆ ಸರಿಯಾದ ವರಸೆ. ಆದರೆ ಇಬ್ಬರ ಜೊತೆಗೂ ನೀವು ಹಂಚಿಕೊಂಡಿರುವ ಡಿಎನ್‌ಎ ಸರಾಸರಿ ಶೇ 12.5, ಎರಡರಲ್ಲೂ ವ್ಯತ್ಯಾಸವಿಲ್ಲ. ಇನ್ನು ಸ್ವತಃ ಸೋದರಮಾವ ಎಂದರೆ ಶೇ 25. ನಿಮ್ಮ ತಂದೆಗೆ ಎರಡನೇ ಹೆಂಡತಿಯಿಂದ ಒಬ್ಬ ಮಗನಿದ್ದಿದ್ದರೆ ಅವನ ಜೊತೆ ನಿಮಗೆ ಇರುತ್ತಿದ್ದ ನಂಟೂ ಇಷ್ಟೇ. ಅಜ್ಜಿಗೆ ಇದನ್ನು ಹೇಳಬೇಕೋ ಬೇಡವೋ, ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.

‘ಯಾರಿಗೇನಾಯ್ತು’ ಎಂಬುದು ಮಾತ್ರ ಪೂರ್ತಿ ತಳ್ಳಿಹಾಕುವ ಮಾತಲ್ಲ. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುವುದರಿಂದ ನಾವೆಲ್ಲ ಒಂದಷ್ಟು ಕೆಟ್ಟ ಪ್ರತಿಗಳನ್ನು ಗೊತ್ತಿಲ್ಲದೆ ಹೊತ್ತುಕೊಂಡೇ ಆರಾಮವಾಗಿರುತ್ತೇವೆ. ಅಜ್ಜಿಯಲ್ಲಿ ಅಂಥದ್ದೊಂದು ಇದೆ ಎಂದಿಟ್ಟುಕೊಳ್ಳಿ. ಅದು ನಿಮ್ಮ ಅಮ್ಮನಿಗೆ ಬಂದಿರುವ ಸಾಧ್ಯತೆ ಎರಡರಲ್ಲೊಂದು, ಅಮ್ಮನಿಂದ ನಿಮಗೆ ಇಳಿದಿರುವುದು ನಾಲ್ಕರಲ್ಲೊಂದು. ಮಾವನಿಗೆ ಬಂದಿರುವುದು ಎರಡರಲ್ಲೊಂದು. ನಿಮ್ಮಿಬ್ಬರಲ್ಲೂ ಇರುವುದು ಎಂಟರಲ್ಲೊಂದು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿಗಳೇ ಸಿಗುವ ಸಾಧ್ಯತೆ ನಾಲ್ಕರಲ್ಲೊಂದು. ಎಲ್ಲ ಸೇರಿ 32ರಲ್ಲಿ ಒಂದು. ಮಾವನ ಬದಲು ಮಾವನ ಮಗನಾದರೆ 64ರಲ್ಲಿ ಒಂದು. ಇದು ಅಜ್ಜಿಯ ಒಂದು ಜೀನ್‌ನ ಲೆಕ್ಕ. ಅಜ್ಜಿಯಲ್ಲಿ ಇನ್ನೂ ಕೆಲವು ಇರುತ್ತವೆ, ಅಜ್ಜನದೂ ಸೇರುತ್ತದೆ. ನಿಮ್ಮ ಅಪ್ಪ-ಅಮ್ಮನೂ ಸಂಬಂಧದಲ್ಲೇ ಮದುವೆಯಾದವರಾದರೆ ಲೆಕ್ಕ ಮತ್ತೂ ಏರುತ್ತದೆ. ಆದರೂ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಅಜ್ಜಿ ಕಂಡಿರುವುದು ಅವರನ್ನು. ಉಳಿಯದೇ ಹೋದ ಕೂಸುಗಳು ಬಾಲಗ್ರಹ, ದೃಷ್ಟಿ, ವಿಷಮಜ್ವರ ಎಂಬ ಹೆಸರುಗಳಲ್ಲಿ ಸೇರಿಹೋದವು.

ಅಳತೆ ಮಾಡಿ ನೋಡಿದವರ ಅಂಕಿಯನ್ನೂ ಹೇಳುತ್ತೇನೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನಲ್ಲಿ ಪಾಕಿಸ್ತಾನ ಮೂಲದ ಕುಟುಂಬಗಳು ಹೆಚ್ಚು, ದೊಡ್ಡಪ್ಪ-ಚಿಕ್ಕಪ್ಪ, ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯೂ ಹೆಚ್ಚು. ಅಲ್ಲಿ 11,000ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇಂಥ ಮದುವೆಯ ಮಕ್ಕಳಲ್ಲಿ ಹುಟ್ಟಿನಲ್ಲೇ ಬರುವ ದೋಷಗಳ ಪ್ರಮಾಣ ಶೇ 3ರಿಂದ ಶೇ 6ಕ್ಕೆ, ಅಂದರೆ ದುಪ್ಪಟ್ಟಿಗೆ ಏರಿತ್ತು. ದುಪ್ಪಟ್ಟು ಎಂದರೆ ಹೆದರಿಕೆಯಾಗುತ್ತದೆ. ನೂರರಲ್ಲಿ 94 ಮಕ್ಕಳಿಗೆ ಏನೂ ಆಗಲಿಲ್ಲ ಎಂದರೆ ಸಮಾಧಾನವಾಗುತ್ತದೆ. ಎರಡೂ ಒಂದೇ ಅಂಕಿ. ನಿಮ್ಮದು ಅದಕ್ಕಿಂತ ಹತ್ತಿರದ ಸಂಬಂಧ ಎಂಬುದನ್ನು ಮಾತ್ರ ಮರೆಯಬೇಡಿ. ಇದೇ ಅಂಕಿಗಳನ್ನು ಹಿಡಿದು ಬ್ರಿಟನ್ನಿನಲ್ಲಿ ಇಂಥ ಮದುವೆಗಳನ್ನು ನಿಷೇಧಿಸಬೇಕೆಂಬ ಮಸೂದೆಯೊಂದು 2024ರ ಕೊನೆಗೆ ಬಂದು ದೊಡ್ಡ ಜಗಳಕ್ಕೆ ಕಾರಣವಾಯಿತು. ನಾರ್ವೆ ಅದೇ ವರ್ಷ ಕಾನೂನನ್ನೇ ತಂದಿತು. ನಮ್ಮ 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ–ಸೊಸೆಯ ಮದುವೆಯನ್ನು ಹೆಸರಿಟ್ಟೇ ನಿಷೇಧಿಸುತ್ತದೆ, ಹಾಗೆಯೇ ರೂಢಿಯಲ್ಲಿದ್ದರೆ ಆಗಬಹುದು ಎಂದು ಬಾಗಿಲನ್ನೂ ತೆರೆದಿಡುತ್ತದೆ. ನಿಷೇಧದಿಂದ ಬದಲಾಗುವ ವಿಷಯ ಇದು ಎಂದು ನನಗನಿಸುವುದಿಲ್ಲ.

ಕರ್ನಾಟಕದ ಲೆಕ್ಕ ಬೇಕೆಂದರೆ 1980ರ ದಶಕಕ್ಕೆ ಹೋಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ನವಜಾತ ಶಿಶುಗಳ ರಕ್ತ ಪರೀಕ್ಷೆಯ ದೊಡ್ಡ ಕಾರ್ಯಕ್ರಮವೊಂದನ್ನು ನಡೆಸಿದರು. ಬೆಂಗಳೂರು, ಮೈಸೂರಿನ ತಾಯಂದಿರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಸಂಬಂಧದಲ್ಲೇ ಮದುವೆಯಾದವರು, ಅದರಲ್ಲೂ ಸೋದರಮಾವನನ್ನು ಮದುವೆಯಾದವರು ಬಹಳ. ಈಗಲೂ ನಮ್ಮಲ್ಲಿ ನಾಲ್ಕರಲ್ಲೊಂದು ಮದುವೆ ನೆಂಟರ ಒಳಗೇ ಆಗುತ್ತಿದೆ. ಶತಮಾನಗಳಿಂದ ಹೀಗೇ ನಡೆದಿರುವುದರಿಂದ ದಕ್ಷಿಣದವರಲ್ಲಿ ಕೆಟ್ಟ ಜೀನ್‌ಗಳು ತೊಳೆದುಹೋಗಿರಬೇಕು ಎಂಬ ವಾದ ಆ ಕಾಲದಲ್ಲಿ ಜೋರಾಗಿತ್ತು. ಜೀನೋಮ್‌ಗಳನ್ನು ನೇರವಾಗಿ ಓದತೊಡಗಿದ ಮೇಲೆ ಆ ನೆಮ್ಮದಿಗೆ ಆಧಾರ ಸಿಕ್ಕಿಲ್ಲ.

ಹೊರಗಿನ ಸಂಬಂಧದ ಬಗ್ಗೆ ಕೇಳಿದ್ದೀರಲ್ಲ, ಕಳೆದ ಕೆಲವು ವರ್ಷಗಳ ಸಂಶೋಧನೆ ಹೆಚ್ಚು ಮುಟ್ಟುವುದು ಅದನ್ನೇ. ‘ಹೊರಗೆ’ ಎಂದರೆ ನಮ್ಮಲ್ಲಿ ಅರ್ಥ ಬೇರೆ ಊರು, ಬೇರೆ ಮನೆತನ. ಜಾತಿ, ಅದರಲ್ಲೂ ಒಳಪಂಗಡ, ಅದೇ. ಡಿಎನ್‌ಎ ಹೇಳುವ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಈ ನೆಲದ ಜನ ಧಾರಾಳವಾಗಿ ಬೆರೆತರು. ಆಮೇಲೆ ಗುಂಪುಗುಂಪಾಗಿ ಬೇಲಿ ಹಾಕಿಕೊಂಡರು. ಒಂದು ಪಂಗಡ ಶುರುವಾದಾಗ ಇದ್ದ ಕೆಲವೇ ಜನರ ಡಿಎನ್‌ಎ ಅಲ್ಲಲ್ಲೇ ಸುತ್ತುತ್ತ ಇವತ್ತು ಲಕ್ಷಾಂತರ ಜನರಲ್ಲಿ ಹರಡಿದೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ ದಕ್ಷಿಣ ಏಷ್ಯಾದ 81 ಗುಂಪುಗಳಲ್ಲಿ ಈ ಪರಿಣಾಮ ಫಿನ್ಲೆಂಡಿನವರಿಗಿಂತ, ಯುರೋಪಿನ ಯಹೂದಿಗಳಿಗಿಂತ ತೀವ್ರವಾಗಿದೆ ಎಂದು ತೋರಿಸಿತು. 2025ರಲ್ಲಿ 2,762 ಭಾರತೀಯರ ಜೀನೋಮ್ ಓದಿದಾಗ ಪ್ರತಿಯೊಬ್ಬರಿಗೂ ಆ ಪಟ್ಟಿಯಲ್ಲೇ ಯಾರಾದರೊಬ್ಬರ ಜೊತೆ ನಂಟು ಕಂಡಿತು. ಐದು ತಲೆಮಾರಿನ ಹಿಂದಿನ ಅಜ್ಜ-ಅಜ್ಜಿಯನ್ನು ಹಂಚಿಕೊಂಡವರ ಮಟ್ಟದ ನಂಟು!

ಇದರಿಂದ ಆಗುವುದೇನು ಎಂಬುದಕ್ಕೆ ವೈಶ್ಯ ಸಮುದಾಯದ ಉದಾಹರಣೆ ಪ್ರಸಿದ್ಧ. ಆಪರೇಷನ್ ಟೇಬಲ್ಲಿನ ಮೇಲೆ ಗಂಟಲಿಗೆ ಉಸಿರಿನ ನಳಿಕೆ ಇಳಿಸುವ ಮುನ್ನ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲೀನ್ ಎಂಬ ಔಷಧ ಕೊಡುತ್ತಾರೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ, ರೋಗಿ ತಾನೇ ಉಸಿರಾಡತೊಡಗುತ್ತಾನೆ. ವೈಶ್ಯರಲ್ಲಿ ಆ ಕಿಣ್ವದ ಕೊರತೆ ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಕೊರತೆಯಿದ್ದವರಿಗೆ ಆಪರೇಷನ್ ಮುಗಿದು ಗಂಟೆಗಳಾದರೂ ಎದೆಯ ಸ್ನಾಯು ಏಳುವುದಿಲ್ಲ, ವೆಂಟಿಲೇಟರಿನಲ್ಲೇ ಇಡಬೇಕಾಗುತ್ತದೆ. ಹೀಗಾಗಿ ಅರಿವಳಿಕೆ ವೈದ್ಯರು ಜಾತಿ ಕೇಳಿದರೆ ಬೇಸರಪಡಬೇಕಿಲ್ಲ. ಉತ್ತರದ ಅಗರವಾಲರಲ್ಲಿ ಮಕ್ಕಳ ಮೆದುಳಿನ ಒಂದು ಕಾಯಿಲೆಗೂ ಇಂಥದೇ ಕಥೆಯಿದೆ. ಹಾಗೆಂದು ವಂಶದ ಕಾಯಿಲೆಗಳೆಲ್ಲ ಎರಡು ಕೆಟ್ಟ ಪ್ರತಿ ಸೇರಿಯೇ ಬರುತ್ತವೆ ಎಂದುಕೊಳ್ಳಬೇಡಿ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆಯುತ್ತದೆ, ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಗದ್ದೆಯ ಕೀಟನಾಶಕ ಸೇರಿದ ಏಡಿ ತಿಂದದ್ದೇ ಕಾರಣ ಎಂಬ ಅನುಮಾನವೂ ಇತ್ತು. ಕುಟುಂಬಗಳ ವಂಶಾವಳಿ ನೋಡಿದಾಗ ಒಂದೇ ಕೆಟ್ಟ ಪ್ರತಿ ಸಾಕಾಗುವ ಕಾಯಿಲೆ ಎಂದು ತಿಳಿಯಿತು.

ಈಗ ಅಣ್ಣನ ಪರೀಕ್ಷೆ. ಹೌದು, ಮದುವೆಗೆ ಮುಂಚೆ, ಯಾವ ಕೆಟ್ಟ ಪ್ರತಿಗಳನ್ನು ಹೊತ್ತಿದ್ದೀರಿ ಎಂದು ನೋಡುವ ‘ಕ್ಯಾರಿಯರ್ ಸ್ಕ್ರೀನಿಂಗ್’ ಮಾಡಿಸಬಹುದು, ಪ್ರಯೋಜನವೂ ಇದೆ. ಆದರೆ ‘ಎಲ್ಲ ಗೊತ್ತಾಗುತ್ತದೆ’ ಎಂಬುದು ಪ್ರಯೋಗಾಲಯದವರ ಜಾಹೀರಾತು. ರಿಪೋರ್ಟಿನಲ್ಲಿ ‘ಅರ್ಥ ಖಚಿತವಿಲ್ಲದ ವ್ಯತ್ಯಾಸ’ ಎಂಬ ಸಾಲು ಬಂದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಆ ಸಾಲು ನಮ್ಮವರಿಗೆ ಹೆಚ್ಚು ಬರಲು ಕಾರಣ, ಹೋಲಿಸಿ ನೋಡುವ ಜೀನೋಮ್‌ಗಳಲ್ಲಿ ಬಹುಪಾಲು ಯುರೋಪ್ ಮೂಲದವರದು. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು 20 ಸಂಸ್ಥೆಗಳನ್ನು ಸೇರಿಸಿ ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆ ಈ ಕೊರತೆ ತುಂಬಲೆಂದೇ ಹುಟ್ಟಿದ್ದು. 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಮಾಹಿತಿ 2025ರ ಜನವರಿಯಿಂದ ಸಂಶೋಧಕರಿಗೆ ಸಿಗುತ್ತಿದೆ. ನಮ್ಮ ಒಳಪಂಗಡಗಳ ಸಂಖ್ಯೆಯ ಮುಂದೆ 83 ಚಿಕ್ಕದು, ಆದರೂ ದಾರಿ ಸರಿಯಿದೆ.

ಹೆಣ್ಣುಮಕ್ಕಳ ರಿಪೋರ್ಟು ಊರ ಬಾಯಿಗೆ ಬಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಇದಕ್ಕೆ ನನಗೆ ತುಂಬ ಇಷ್ಟವಾದ ಉಪಾಯ ಸಂಪ್ರದಾಯಸ್ಥ ಯಹೂದಿಗಳದು. ಎರಡೂ ಪ್ರತಿ ಕೆಟ್ಟಾಗ ಬರುವ ಟೇ–ಸಾಕ್ಸ್ ಕಾಯಿಲೆಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಜೋಸೆಫ್ ಎಕ್‌ಸ್ಟೈನ್ ಎಂಬ ಧರ್ಮಗುರು 1983ರಲ್ಲಿ ನ್ಯೂಯಾರ್ಕಿನಲ್ಲಿ ‘ದೋರ್ ಯೆಶೋರಿಮ್’ ಸಂಸ್ಥೆ ಕಟ್ಟಿದರು. ಹುಡುಗ-ಹುಡುಗಿಯರು ಮೊದಲೇ ರಕ್ತ ಕೊಟ್ಟು ಒಂದು ಸಂಖ್ಯೆ ಪಡೆದಿರುತ್ತಾರೆ. ಮದುವೆ ಮಾತು ಬಂದಾಗ ಎರಡು ಸಂಖ್ಯೆ ಹೇಳಿದರೆ, ನಮ್ಮಲ್ಲಿ ಜಾತಕ ಕೂಡಿಸಿದ ಹಾಗೆ, ಜೋಡಿ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದಷ್ಟೇ ಉತ್ತರ ಬರುತ್ತದೆ. ಒಬ್ಬರಲ್ಲಷ್ಟೇ ಕೆಟ್ಟ ಪ್ರತಿ ಇದ್ದರೆ ಅದನ್ನು ಅವರಿಗೂ ಹೇಳುವುದಿಲ್ಲ.

ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಬಂದಿದೆಯಲ್ಲ, ಹುಟ್ಟಿದ ಮೇಲೆ ಸರಿಪಡಿಸಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಜೆ ಎಂಬ ಕೂಸಿಗೆ ಅಮೋನಿಯಾ ರಕ್ತದಲ್ಲಿ ಸೇರಿಕೊಳ್ಳುವ ಕಾಯಿಲೆಯಿತ್ತು. ಅವನ ಡಿಎನ್‌ಎಯಲ್ಲಿದ್ದ ತಪ್ಪಿಗೆಂದೇ ಔಷಧ ತಯಾರಿಸಿ 2025ರಲ್ಲಿ ಕೊಟ್ಟದ್ದು ನಿಜ, ಅವನು ಸುಧಾರಿಸಿ ಮನೆಗೆ ಹೋದದ್ದೂ ನಿಜ. ಅದು ಒಂದು ಮಗುವಿಗೆ ನಡೆದದ್ದು. ಸಿಕಲ್ ಸೆಲ್ ರಕ್ತಹೀನತೆಗೆ 2023ರಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ ಚಿಕಿತ್ಸೆಗೆ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಇದನ್ನು ನಂಬಿ ಮದುವೆ ಗೊತ್ತುಮಾಡುವಂತಿಲ್ಲ.

ನಿಮ್ಮ ಪತ್ರದಲ್ಲಿ ಅಜ್ಜಿಯ ಅಭಿಪ್ರಾಯವಿದೆ, ಅಣ್ಣನದಿದೆ; ಮಾವನನ್ನು ಮದುವೆಯಾಗಲು ನಿಮಗೆ ಇಷ್ಟವೇ ಎಂಬುದೇ ಇಲ್ಲ. ಇಷ್ಟವಿಲ್ಲದಿದ್ದರೆ ಬೇಡ ಎನ್ನಲು ಯಾವ ರಿಪೋರ್ಟೂ ಬೇಕಿಲ್ಲ. ಇಷ್ಟವಿದ್ದರೆ, ಅಥವಾ ಪಂಗಡದೊಳಗೇ ಬೇರೆ ಯಾರನ್ನಾದರೂ ಒಪ್ಪಿದರೆ, ಆನ್‌ಲೈನಿನಲ್ಲಿ ಕಿಟ್ ತರಿಸಬೇಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ, ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ವಂಶವಾಹಿ ಸಲಹೆಗಾರರಿದ್ದಾರೆ. ಅಂಥವರ ಬಳಿ ಹೋಗಿ. ಹೋಗುವ ಮುನ್ನ ಅಜ್ಜಿಯನ್ನೇ ಕೂರಿಸಿಕೊಂಡು ಮೂರು ತಲೆಮಾರಿನ ವಂಶಾವಳಿ ಬರೆಯಿರಿ. ತೊಟ್ಟಿಲಲ್ಲೇ ಹೋದವರು, ಮಾತು ಬಾರದವರು, ನಡೆಯಲಾಗದವರು ಯಾರನ್ನೂ ಬಿಡಬೇಡಿ. ಬಂಧುಗಳಲ್ಲಿ ಅಂಥ ಮಗು ಈಗ ಬದುಕಿದ್ದರೆ ಮೊದಲು ಆ ಮಗುವಿನ ಪರೀಕ್ಷೆ ಆಗಲಿ. ತಪ್ಪು ಯಾವ ಜೀನಿನಲ್ಲಿದೆ ಎಂದು ಅಲ್ಲಿ ಸಿಕ್ಕಿದರೆ ನಿಮ್ಮಿಬ್ಬರಲ್ಲಿ ಅದೊಂದನ್ನು ಹುಡುಕಿದರೆ ಸಾಕು. ಖರ್ಚು ಕಡಿಮೆ, ಉತ್ತರವೂ ಹೆಚ್ಚು ಸ್ಪಷ್ಟ.